ಮಣ್ಣಲ್ಲಿ ಸಿಕ್ಕ ಕೀ ರೈಲ್ವೆಯದ್ದಾ?

(ಕ್ಲೋಸ್-ಅಪ್: ಅಂಗೈ ಮೇಲೆ ಮಣ್ಣು ಮೆತ್ತಿದ ಕೀ)

ನಮಸ್ಕಾರ. ಅಮೆರಿಕದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವವರಿಗೆ ಇಂಥದ್ದು ಸಿಕ್ಕರೆ ಅವತ್ತು ಹಬ್ಬ. ಸುಮಾರು 2 ಇಂಚು ಉದ್ದ, ಹಿತ್ತಾಳೆ, ಮೈಯೆಲ್ಲಾ ಹಸಿರು. ಇದು ಸ್ವಿಚ್ ಕೀ. ಲೈಟಿನ ಸ್ವಿಚ್ ಅಲ್ಲ, ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ. ಅದನ್ನು ಯಾರೋ ಸುಮ್ನೆ ತಿರುಗಿಸಿಬಿಟ್ಟರೆ ಗಾಡಿ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಅಲ್ಲೊಂದು ಬೀಗ.

ಎಲ್ಲರೂ ಮೊದಲು ಅಕ್ಷರ ಹುಡುಕುತ್ತಾರೆ. ನಾನು ಮೊದಲು ತುದಿ ನೋಡುತ್ತೇನೆ. ಕೀಯ ಕಡ್ಡಿ ಪೊಳ್ಳಾಗಿದೆಯಾ?

(ಕೀ ತುದಿಯ ತೂತು, ಹತ್ತಿರದಿಂದ)

ಬೀಗದೊಳಗೆ ಒಂದು ಮೊಳೆ ಇರುತ್ತದೆ, ಕೀ ಅದರ ಮೇಲೆ ಕೂರುತ್ತದೆ. ಆದರೆ ಟ್ರಂಕು, ಬೀರು ಕೀಗಳೂ ಹೀಗೇ ಪೊಳ್ಳು. ಹಾಗಾಗಿ ತೂಕ ನೋಡಿ. ಸ್ವಿಚ್ ಕೀ ಗಟ್ಟಿಮುಟ್ಟು, ಹಲ್ಲು ದಪ್ಪ.

ಇನ್ನು ಅಕ್ಷರ. ಕೀ ಹಿಡಿಯುವ ಕಡೆಯ ಉಂಗುರದ ಮೇಲೆ ರೈಲ್ವೆ ಕಂಪನಿಯ ಹೆಸರಿನ ಮೊದಲಕ್ಷರಗಳು. ಪಿ.ಆರ್.ಆರ್. ಅಂದರೆ ಪೆನ್ಸಿಲ್ವೇನಿಯಾ ರೈಲ್‌ರೋಡ್. 1846ರಲ್ಲಿ ಹುಟ್ಟಿ 1968ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿಹೋಯಿತು. ಅಂದರೆ ಕೀ ಅದಕ್ಕಿಂತ ಹಳೆಯದು. ಆ್ಯಡ್‌ಲೇಕ್ ಅಥವಾ ಫ್ರೈಮ್ ಅಂತ ಇದ್ದರೆ ಅದು ತಯಾರಕರ ಗುರುತು, ರೈಲ್ವೆಯ ಹೆಸರಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಪಕ್ಕದಲ್ಲೊಂದು ನಂಬರ್ ಇದ್ದರೆ ಅದು ಬೀಗದ ನಂಬರ್ ಅಂದುಕೊಳ್ಳಬೇಡಿ. ಒಂದೇ ಕೀ ಆ ರೈಲ್ವೆಯ ಎಷ್ಟೋ ಸ್ವಿಚ್ ಬೀಗಗಳನ್ನು ತೆರೆಯುತ್ತಿತ್ತು. ನಂಬರ್ ಇದ್ದದ್ದು ಯಾವ ಕೀ ಯಾವ ನೌಕರನ ಕೈಲಿದೆ ಅಂತ ಲೆಕ್ಕ ಇಡೋಕೆ. ಕಳೆದುಕೊಂಡವನ ಪಾಡು ಏನಾಯಿತೋ!

ಮಾರುಕಟ್ಟೆಯಲ್ಲಿ ನಕಲಿ ಬೇಕಾದಷ್ಟಿವೆ. ಹೊಸ ನಕಲಿಯಲ್ಲಿ ಅಕ್ಷರ ಚೂಪಾಗಿ, ಅಂಚು ಒರಟಾಗಿ ಇರುತ್ತದೆ. ಅಸಲಿ ಕೀಯಲ್ಲಿ ಸರಪಳಿ ಉಜ್ಜಿ ಉಜ್ಜಿ ಉಂಗುರ ಒಂದು ಕಡೆ ಸವೆದಿರುತ್ತದೆ. ನೀವೇ ಅಗೆದು ತೆಗೆದಿದ್ದರೆ ಆ ಅನುಮಾನ ಕಮ್ಮಿ ಅಲ್ವಾ? ಆದರೆ ಅಗೆಯುವ ಮುಂಚೆ ಜಾಗದವರ ಒಪ್ಪಿಗೆ ಬೇಕು. ಪಾಳು ಬಿದ್ದಂತೆ ಕಾಣುವ ಹಳಿಗೂ ಮಾಲೀಕರಿರುತ್ತಾರೆ.

ಹಿತ್ತಾಳೆ ಅಂದ ತಕ್ಷಣ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ದಯವಿಟ್ಟು ಬೇಡ. ಫಳಫಳ ಹೊಳೆದರೆ ಸಂಗ್ರಹಕಾರರು ಮೂಗು ಮುರಿಯುತ್ತಾರೆ. ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್, ಅಕ್ಷರದ ಸಂದಿಗೆ ಮರದ ಕಡ್ಡಿ ಸಾಕು.

(ಕತ್ತಲ ಕೋಣೆ, ಟಾರ್ಚ್ ಬೆಳಕು ಓರೆಯಾಗಿ ಬೀಳುತ್ತದೆ)

ಈಗ ಟಾರ್ಚ್ ಪಕ್ಕದಿಂದ ಹಿಡಿಯಿರಿ. ನೋಡಿ, ಇಷ್ಟೊತ್ತು ಬರೀ ಹಸಿರಾಗಿದ್ದ ಜಾಗದಲ್ಲಿ ಒಂದು 'ಪಿ'. ಪಕ್ಕದಲ್ಲಿ ಅರ್ಧ ಸವೆದ 'ಆರ್'.