ಸೂರ್ಯ ಹುಟ್ಟೋ ಹೊತ್ತಿಗೆ ತಲುಪಿದ್ರೆ ತಡವಾಯ್ತು

ಬೆಟ್ಟದ ಮೇಲೆ ಸೂರ್ಯೋದಯ ನೋಡೋಕೆ ಹೊರಡೋರು ಮೊದಲು ಮಾಡೋ ಕೆಲಸ ಒಂದೇ. ಫೋನ್ ತೆಗೆದು, ಸೂರ್ಯ ಎಷ್ಟು ಗಂಟೆಗೆ ಹುಟ್ತಾನೆ ಅಂತ ನೋಡೋದು. 6:30 ಅಂತ ಇದೆಯಾ? ಸರಿ, 6:25ಕ್ಕೆ ತುದಿ ಮುಟ್ಟಿದ್ರೆ ಸಾಕು! ನನ್ನ ತಕರಾರು ಇರೋದೇ ಇಲ್ಲಿ. 6:25ಕ್ಕೆ ಏದುಸಿರು ಬಿಡ್ತಾ ಹತ್ತಿ ಬಂದವರಿಗೆ ಸಿಗೋದು ಊಟ ಮುಗಿದ ಮೇಲಿನ ಎಲೆ.

ಅರುಣೋದಯ, ಸೂರ್ಯೋದಯ ಅಂತ ನಮ್ಮಲ್ಲಿ ಎರಡು ಪದ ಇರೋದು ಸುಮ್ಮನೆ ಅಲ್ಲ ಕಣ್ರೀ. ಸೂರ್ಯ ಇನ್ನೂ ದಿಗಂತದಿಂದ 6 ಡಿಗ್ರಿ ಕೆಳಗಿರುವಾಗಲೇ, ಆಕಾಶ ತಿಳಿಯಾಗಿದ್ರೆ, ಟಾರ್ಚ್ ಇಲ್ಲದೆ ಕಾಲಡಿಯ ಕಲ್ಲು ಕಾಣೋಷ್ಟು ಬೆಳಕು ಬಂದಿರುತ್ತೆ. ಅಲ್ಲಿಂದ ಮೇಲೆ ಬರೋಕೆ ಅವನಿಗೆ ಕಡಿಮೆ ಅಂದ್ರೂ 20 ನಿಮಿಷ ಬೇಕು. ಧ್ರುವದ ಕಡೆ ಹೋದಷ್ಟೂ ಇನ್ನೂ ಜಾಸ್ತಿ. ನೇರಳೆ ಕೆಂಪಾಗಿ, ಕೆಂಪು ಹೊನ್ನಾಗೋದು ಆ ಹೊತ್ತಲ್ಲೇ. ಒಂದಿಷ್ಟು ಎತ್ತರದ ತೆಳು ಮೋಡ ಇದ್ರಂತೂ ಹಬ್ಬ. ಸೂರ್ಯ ಮೇಲೆ ಬಂದು ಸ್ವಲ್ಪ ಹೊತ್ತಿಗೆ ಅವನ ಕಡೆ ಕಣ್ಣೆತ್ತಿ ನೋಡೋಕೂ ಆಗಲ್ಲ.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲೇ ಒಂದು ಸೂತ್ರ ಕೊಟ್ಟಿದ್ದಾನೆ. ಈಗಿನ ಅಳತೆಯಲ್ಲಿ ಹೇಳೋದಾದ್ರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 4 ಕಿಲೋಮೀಟರ್ ದಾರಿ, 600 ಮೀಟರ್ ಏರು ಅಂದ್ರೆ 1 ಗಂಟೆ 48 ನಿಮಿಷ. ಅದು ಹಗಲು ನಡೆಯೋ ಗಟ್ಟಿಗರ ಲೆಕ್ಕ. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಗುಂಪಲ್ಲೊಬ್ಬ ಶೂ ಲೇಸ್ ಕಟ್ಟೋಕೆ ನಾಲ್ಕು ಸಲ ನಿಲ್ತಾನಲ್ಲ, ಅದೆಲ್ಲ ಸೇರಿಸಿ ಎರಡೂವರೆ ಗಂಟೆ ಇಟ್ಕೊಳ್ಳಿ.

ಇನ್ನೊಂದು ಮಾತಲ್ಲಿ ನಾನು ಹಟಮಾರಿ. ಹಗಲಲ್ಲಿ ಒಮ್ಮೆಯೂ ನಡೆಯದ ದಾರಿಯನ್ನ ರಾತ್ರಿ ಹತ್ತಬೇಡಿ. ಹೆಡ್‌ಲ್ಯಾಂಪ್ ತೋರಿಸೋದು ಮುಂದಿನ ಹತ್ತಾರು ಹೆಜ್ಜೆ ಮಾತ್ರ, ಕವಲುದಾರಿ ಪಕ್ಕದಲ್ಲೇ ಜಾರಿಹೋಗುತ್ತೆ. ಮ್ಯಾಪ್ ಫೋನಲ್ಲಿದೆ ಅಂತೀರಾ? ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ.

ಚಳಿ ಅಂದ್ಕೂಡ್ಲೆ ನೆನಪಾಯ್ತು. ಸಾವಿರ ಮೀಟರ್ ಏರಿದ್ರೆ ಸರಾಸರಿ ಆರೂವರೆ ಡಿಗ್ರಿ ತಂಪು ಹೆಚ್ಚುತ್ತೆ. ಅದರ ಮೇಲೆ, ಸಾಮಾನ್ಯವಾಗಿ ಇಡೀ ರಾತ್ರಿಯಲ್ಲಿ ಅತಿ ಚಳಿ ಇರೋದೇ ಸೂರ್ಯ ಹುಟ್ಟೋ ಆಸುಪಾಸಲ್ಲಿ. ನೀವು ಬೆವರಲ್ಲಿ ತೊಯ್ದು ಅಲ್ಲಾಡದೆ ಕೂರೋದೂ ಆಗಲೇ! ಬ್ಯಾಗಲ್ಲಿ ಒಂದು ಒಣ ಅಂಗಿ ಇರಲಿ. ತುದಿ ಮುಟ್ಟಿದ ತಕ್ಷಣ, ಫೋಟೋ ಆಮೇಲೆ, ಮೊದಲು ಅಂಗಿ ಬದಲಾಯಿಸಿ.

ಈಗ ಕೂಡಿಸಿ ನೋಡಿ. 6:30ಕ್ಕೆ ಸೂರ್ಯ ಅಂದ್ರೆ 5:45ಕ್ಕೆ ತುದಿ, 3:15ಕ್ಕೆ ಮೊದಲ ಹೆಜ್ಜೆ, 2:30ಕ್ಕೆ ಅಲಾರಂ. ಹೌದು, ನಾನೂ ಬೈಕೊಂಡೇ ಏಳೋದು.