ನೈಟ್ ಮುಗಿದರೂ ಮುಗಿಯದ ಡ್ಯೂಟಿ

ಡಾಕ್ಟರುಗಳು ಸೊರಗ್ತಿದ್ದಾರೆ ಅಂದ ಕೂಡಲೇ ಆಸ್ಪತ್ರೆಗಳಲ್ಲಿ ಒಂದು ಯೋಗ ಶಿಬಿರ ಇಡ್ತಾರೆ, ಫೋಟೊ ಹೊಡೆಸ್ಕೋತಾರೆ, ಮುಗೀತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು, ಬರ್ನ್‌ಔಟ್ ಅನ್ನೋ ಈ ಬಳಲಿಕೆ ಕೆಲಸದ ಜಾಗದ ಒತ್ತಡದಿಂದ ಹುಟ್ಟುತ್ತೆ ಅಂತ. ಹಾಗಾದ್ರೆ ಮೊದಲು ನೋಡಬೇಕಾದ್ದು ಗೋಡೆ ಮೇಲಿರೋ ಡ್ಯೂಟಿ ಚಾರ್ಟು.

ಶಿರಾಡಿಗೋ ಚಾರ್ಮಾಡಿಗೋ ಹತ್ತಿರದ ಯಾವುದೋ ತಾಲ್ಲೂಕು ಆಸ್ಪತ್ರೆ ಅಂದ್ಕೊಳ್ಳಿ. ರಾತ್ರಿ ಒಂದು ಗಂಟೆ, ಘಾಟಿಯಲ್ಲಿ ಆಕ್ಸಿಡೆಂಟು. ಹೊಲಿಗೆ ಹಾಕೋದು ಸುಲಭದ ಭಾಗ. ಆಮೇಲೆ ಎಂಎಲ್‌ಸಿ ರಿಜಿಸ್ಟರು, ಅಂದ್ರೆ ಪೊಲೀಸು, ಕೋರ್ಟಿಗೆ ಹೋಗೋ ಕೇಸುಗಳ ದಾಖಲೆ: ಗುರುತಿನ ಮಚ್ಚೆ ಎರಡು, ಪ್ರತಿ ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರು, ಹಳೇದೋ ಹೊಸದೋ, ಸಾದಾನೋ ತೀವ್ರವೋ. ಮೂರನೇ ಗಾಯ ಬರೀತಿದ್ದಾಗ ಲೇಬರ್ ರೂಮಿಂದ ಸಿಸ್ಟರ್ ಕರೀತಾರೆ. ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದಾಗ, ಅದು ಎಡಗೈನೋ ಬಲಗೈನೋ? ರೋಗಿಯನ್ನ ಆಗಲೇ ಹಾಸನಕ್ಕೆ ಕಳಿಸಾಗಿದೆ. ಆ ಒಂದು ಅಕ್ಷರಕ್ಕೆ ಎರಡು ವರ್ಷ ಆದ್ಮೇಲೆ ಕೋರ್ಟ್ ಸಮನ್ಸ್ ಬರುತ್ತೆ. ಡಾಕ್ಟರು ಅಷ್ಟೊತ್ತಿಗೆ ಬೇರೆ ಜಿಲ್ಲೆಗೆ ವರ್ಗ ಆಗಿರ್ತಾರೆ, ಕಟಕಟೆ ಮಾತ್ರ ಇಲ್ಲೇ.

ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಬಾಗಿಲಲ್ಲಿ ಅದೇ ಹೆಸರು. ನಿನ್ನೆ ಒಂಬತ್ತರಿಂದ ಇವತ್ತು ನಾಲ್ಕರವರೆಗೆ ಲೆಕ್ಕ ಹಾಕಿ, 31 ಗಂಟೆ. ಐದು ಗಂಟೆ ಓಪಿಡಿಗೆ 150 ಚೀಟಿ ಬಂದ್ರೆ ಒಬ್ಬರಿಗೆ ಎರಡು ನಿಮಿಷ. ರೋಗಿ ಶರ್ಟಿನ ಗುಂಡಿ ಬಿಚ್ಚೋದ್ರಲ್ಲೇ ಒಂದು ಹೋಯ್ತು. ಹೀಗೇ ಒಂದು ವರ್ಷ ನಡೆದ್ರೆ ಹೆಸರು ಹಿಡಿದು ಮಾತಾಡಿಸ್ತಿದ್ದ ಡಾಕ್ಟರೂ "ಆರನೇ ಬೆಡ್ಡು" ಅನ್ನೋಕೆ ಶುರು ಮಾಡ್ತಾರೆ. ಜನ ಅದನ್ನ ಸೊಕ್ಕು ಅಂತಾರೆ. ಬರ್ನ್‌ಔಟ್‌ನ ಮುಖ್ಯ ಗುರುತುಗಳಲ್ಲಿ ಅದೂ ಒಂದು.

1992ರ ಕೇಂದ್ರ ರೆಸಿಡೆನ್ಸಿ ಯೋಜನೆ, ಕಲಿಯುತ್ತಾ ದುಡಿಯೋ ರೆಸಿಡೆಂಟರ ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಅನ್ನುತ್ತೆ. ಆ "ಸಾಮಾನ್ಯವಾಗಿ" ಅನ್ನೋ ಪದದೊಳಗೆ ಎಷ್ಟು ರಾತ್ರಿ ಬೇಕಾದ್ರೂ ತುರುಕಬಹುದು!

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗ ಜನ ಇಸಿಜಿಗೆ ಸಾಲುಗಟ್ಟಿದ್ರು. ಭಯ ಸಹಜ. ಆದ್ರೆ ಪ್ರತಿ ಇಸಿಜಿ ಪಟ್ಟಿಯನ್ನೂ ಡಾಕ್ಟರೇ ಓದಬೇಕು, ನಿಜವಾದ ಎದೆನೋವಿನವರಿಗೆ ಆಸ್ಪತ್ರೆಗೆ ಬಂದ ಹತ್ತೇ ನಿಮಿಷದಲ್ಲಿ ಇಸಿಜಿ ಆಗಬೇಕು. ಇಸಿಜಿ ನಾರ್ಮಲ್ ಇದ್ರೂ ಹೃದಯಾಘಾತ ಇರಬಹುದು. "ನಾರ್ಮಲ್ ಅಂತ ಬರ್ಕೊಡಿ ಸಾರ್" ಅಂದವರಿಗೆ ಇದನ್ನ ಎರಡು ನಿಮಿಷದಲ್ಲಿ ಹೇಗೆ ಬಿಡಿಸಿ ಹೇಳೋದು?

ನನ್ನ ಕೇಳಿದ್ರೆ ಒಂದೇ ತಿದ್ದುಪಡಿ ಸಾಕು: ನೈಟ್ ಮಾಡಿದವರ ಹೆಸರು ಮರುದಿನದ ಓಪಿಡಿಯಲ್ಲಿ ಇರಬಾರದು. ಐದು ಡಾಕ್ಟರಿದ್ರೆ ಒಬ್ಬರು ರಾತ್ರಿಗೆ, ಒಬ್ಬರಿಗೆ ರಜ, ಮೂವರು ಓಪಿಡಿಗೆ. ವಾರದ ರಜ, ಕೋರ್ಟು, ಮೀಟಿಂಗು ಎಲ್ಲ ಆ ಮೂವರಲ್ಲೇ ಕಳೀಬೇಕು. ಇರೋದೇ ಮೂವರಾದ್ರೆ ಓಪಿಡಿಗೆ ಉಳಿಯೋದು ಒಬ್ಬರೇ. ಆಗ ಗುತ್ತಿಗೆ ಮೇಲಾದ್ರೂ ಇನ್ನಿಬ್ಬರನ್ನ ತನ್ನಿ, ಇಲ್ಲಾ ಚೀಟಿ ಕಮ್ಮಿ ಮಾಡ್ತೀವಿ ಅಂತ ಬೋರ್ಡು ಹಾಕಿ. ಆ ಬೋರ್ಡಿಗೆ ರುಜು ಹಾಕೋ ಧೈರ್ಯ ಮಾತ್ರ ಯಾರಿಗೂ ಇಲ್ಲ.