ಒಂದೇ ಊರು, ನಾಲ್ಕು ದಿನ

ಕೇಳುಗರಿಗೆ ನಮಸ್ಕಾರ.

ಕಡಿಮೆ ಖರ್ಚಿನಲ್ಲಿ ಪ್ರವಾಸ ಮಾಡುವುದು ಹೇಗೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಬಾನುಲಿ ಕೇಂದ್ರದವರು ಕರೆದಿದ್ದಾರೆ. ನಾನು ಪ್ರವಾಸೋದ್ಯಮ ಓದಿದವನಲ್ಲ. ಮೂವತ್ತೊಂದು ವರ್ಷ ರೈಲ್ವೆಯ ಮುಂಗಡ ಟಿಕೆಟ್ ಕಿಂಡಿಯ ಹಿಂದೆ ಕುಳಿತು ನಿವೃತ್ತನಾದವನು. ಯಾರು ಎಲ್ಲಿಗೆ ಹೊರಟಿದ್ದಾರೆ, ಎಷ್ಟು ಜನ, ಎಷ್ಟು ದಿನಕ್ಕೆ ಎಂಬುದನ್ನೆಲ್ಲ ಅವರು ತುಂಬಿ ಕೊಟ್ಟ ಅರ್ಜಿಯಲ್ಲೇ ಓದಿದವನು. ಹೊರಡುವವರ ಮುಖವನ್ನೂ ನೋಡಿದ್ದೇನೆ, ರಜೆ ಮುಗಿಸಿ ಬಂದವರ ಮುಖವನ್ನೂ ನೋಡಿದ್ದೇನೆ. ಎರಡನೆಯದೇ ಹೆಚ್ಚು ದಣಿದಿರುತ್ತಿತ್ತು.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ, ಒಲೆಯ ಮೇಲೆ ಹಾಲು ಉಕ್ಕಿ ಮಧ್ಯದಲ್ಲಿ ಎದ್ದು ಹೋಗುವವರಿಗೂ ಅದು ತಲುಪಲಿ. ಒಂದು ಊರನ್ನು ಆರಿಸಿಕೊಳ್ಳಿ. ಅಲ್ಲಿಗೆ ಹೋಗಿ. ಅಲ್ಲಿಯೇ ಇರಿ.

ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ನಾನು ಯಾರನ್ನು ನೆನೆದು ಮಾತನಾಡುತ್ತಿದ್ದೇನೆ ಎಂಬುದನ್ನೂ ಹೇಳಬೇಕು. ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಶಾಲೆಯ ಫೀಸು, ಚೀಟಿಯ ಕಂತು ಎಲ್ಲ ಕಳೆದು ಉಳಿದದ್ದರಲ್ಲಿ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಎಂದು ಯೋಚಿಸುತ್ತಿರುವ ಗಂಡ ಹೆಂಡತಿ ಇದ್ದೀರಲ್ಲ, ನಿಮಗೆ ಈ ಮಾತು. ದುಡ್ಡಿಗೆ ತಾಪತ್ರಯವಿಲ್ಲದವರು ಈಗ ರೇಡಿಯೊದ ಸದ್ದು ತಗ್ಗಿಸಿಕೊಳ್ಳಬಹುದು.

ನೀವು ಮಾಡುವುದೇನು? ಐದು ದಿನ ರಜೆ ಸಿಕ್ಕಿತು ಎಂದರೆ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂರುತ್ತೀರಿ. ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯ. ಅಷ್ಟರಲ್ಲಿ ಭಾವಮೈದುನನ ಫೋನು ಬರುತ್ತದೆ: ‘ಭಾವ, ಅಲ್ಲಿಯವರೆಗೆ ಹೋದ ಮೇಲೆ ಉಡುಪಿಗೆ ಹೋಗದೆ ಬರುತ್ತೀರಾ?’ ಸರಿ, ಉಡುಪಿಯೂ ಸೇರಿತು. ಈ ‘ಅಲ್ಲಿಯವರೆಗೆ ಹೋದ ಮೇಲೆ’ ಎನ್ನುವುದಿದೆಯಲ್ಲ, ಅದರಷ್ಟು ದುಬಾರಿಯಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ಲೆಕ್ಕ ನೋಡಿ. ಐದು ದಿನದಲ್ಲಿ ಎಂಟು ಊರನ್ನು ಬಸ್ಸಿನಲ್ಲಿ ಸುತ್ತಲಾಗುವುದಿಲ್ಲ, ಗಾಡಿ ಬೇಕು. ಹೊರ ಊರಿಗೆ ಬಾಡಿಗೆ ಗಾಡಿ ಹಿಡಿದರೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರಿನ ದುಡ್ಡು ಕೊಡಬೇಕು. ಗಾಡಿ ಇಡೀ ದಿನ ಹುಣಸೆಮರದ ನೆರಳಿನಲ್ಲಿ ನಿಂತಿದ್ದರೂ ಅಷ್ಟು ಓಡಿದ ಲೆಕ್ಕವೇ. ಅದರ ಮೇಲೆ ಚಾಲಕನ ಬಾಟಾ, ಟೋಲು, ಪಾರ್ಕಿಂಗು. ಇನ್ನು ಕೊಠಡಿ. ರಾತ್ರಿ ಒಂಬತ್ತಕ್ಕೆ ಹೋಗಿ ಬೆಳಿಗ್ಗೆ ಆರಕ್ಕೆ ಖಾಲಿ ಮಾಡಿದರೂ ಇಡೀ ದಿನದ ಬಾಡಿಗೆ ತೆರುತ್ತೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ನೀವು ದುಡ್ಡು ಕೊಟ್ಟ ಹಾಸಿಗೆಯ ಮೇಲೆ ಕಾಲು ಚಾಚುವುದೇ ಇಲ್ಲವಲ್ಲ!

ನಾನೇನೂ ಹುಟ್ಟುತ್ತಲೇ ಇದನ್ನು ಕಲಿತು ಬಂದವನಲ್ಲ. ಎರಡು ಸಂಸಾರ ಸೇರಿ ಟೆಂಪೊ ಮಾಡಿಕೊಂಡು ಒಮ್ಮೆ ಹೋಗಿದ್ದೆವು. ಚಾರ್ಮಾಡಿ ಘಾಟಿಯಲ್ಲಿ ಮಕ್ಕಳೆಲ್ಲ ಸರದಿಯ ಮೇಲೆ ವಾಂತಿ ಮಾಡಿಕೊಂಡರು. ಹಳೇಬೀಡು ತಲುಪುವಷ್ಟರಲ್ಲಿ ಕತ್ತಲಾಗಿತ್ತು, ಕಾವಲುಗಾರ ಗೇಟಿಗೆ ಬೀಗ ಹಾಕುತ್ತಿದ್ದ. ಹೊಯ್ಸಳರ ಶಿಲ್ಪಕಲೆಯನ್ನು ನಾವು ಗೇಟಿನ ಸರಳುಗಳ ನಡುವಿನಿಂದ ನೋಡಿ ಬಂದೆವು. ಊರಿಗೆ ಬಂದ ಮೇಲೆ ಮಾತ್ರ ಎಲ್ಲರಿಗೂ ‘ಹಳೇಬೀಡು ನೋಡಿದೆವು’ ಎಂದೇ ಹೇಳಿದೆವು.

ನನಗೆ ಬುದ್ಧಿ ಬಂದದ್ದು ಬಾದಾಮಿಯಲ್ಲಿ. ಅದೂ ನನ್ನ ಜಾಣತನದಿಂದಲ್ಲ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ದಸರಾ ರಜೆ. ನಮ್ಮ ಅತ್ತೆಗೆ ಬನಶಂಕರಿ ಮನೆದೇವರು. ಬಹಳ ದಿನದಿಂದ ಕೇಳುತ್ತಿದ್ದರು. ಸರಿ, ಅಲ್ಲಿಯವರೆಗೆ ಹೋದ ಮೇಲೆ ಎಂದು ನಾನೇ ಪಟ್ಟಿ ಬೆಳೆಸಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರ, ಬರುವಾಗ ಹಂಪಿ. ನಾಲ್ಕು ದಿನ. ಮೈಸೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಗುರುವಾರ ಬೆಳಿಗ್ಗೆ ಬಾದಾಮಿಯಲ್ಲಿ ಇಳಿದೆವು. ನಾನು, ನಮ್ಮ ಮನೆಯವರು, ಅತ್ತೆ, ಎಂಟನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಗಾಡಿಯವನು ನಿಲ್ದಾಣದ ಎದುರು ಕಾಯುತ್ತಾನೆ ಎಂದು ಮಾತಾಗಿತ್ತು. ಕಾಯುತ್ತಿದ್ದವರು ನಾವು. ಒಂದೂವರೆ ಗಂಟೆಯ ನಂತರ ಫೋನು ಎತ್ತಿದ; ಮದುವೆಯ ದಿಬ್ಬಣದ ಬಾಡಿಗೆ ಬಂದಿತು, ನೀವು ಬೇರೆ ನೋಡಿಕೊಳ್ಳಿ ಎಂದ.

ನನ್ನ ಕೋಪ ಎಷ್ಟಿತ್ತೆಂದು ಕೇಳಬೇಡಿ. ಬಾದಾಮಿ ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರು. ಒಂದು ಟಂಟಂ ಹತ್ತಿ ಊರಿಗೆ ಹೋಗಿ, ಬಸ್ ನಿಲ್ದಾಣದ ಬಳಿ ಕೊಠಡಿ ಹಿಡಿದು, ಸ್ನಾನ ಮಾಡಿ, ಇನ್ನೇನು ಮಾಡುವುದು ಎಂದು ಗುಹೆಗಳ ಕಡೆಗೆ ನಡೆದೆವು. ನಡೆದೇ ಹೋದೆವು, ಅಲ್ಲಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಮೊದಲನೆಯ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಗ ಎಣಿಸಿದ, ಹದಿನೇಳು ಬಂತು. ಮತ್ತೆ ಎಣಿಸಿದ, ಹತ್ತೊಂಬತ್ತು. ಗಾಡಿ ಇದ್ದಿದ್ದರೆ ನಾನು ‘ಸಾಕು ಬಾರೋ, ಹೊತ್ತಾಯಿತು’ ಎಂದು ಅವನ ರಟ್ಟೆ ಹಿಡಿದು ಎಳೆಯುತ್ತಿದ್ದೆ. ಈಗ ಎಳೆದು ಹೋಗುವುದೆಲ್ಲಿಗೆ? ಕುಳಿತೆವು. ಅವನು ಹದಿನೆಂಟು ಬರುವವರೆಗೆ ಎಣಿಸಿದ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಬರೆಸಿದ ಶಾಸನವಿದೆ, ಕ್ರಿ.ಶ. 578ರದು. ನಮ್ಮ ಮೈಸೂರಿನ ಅರಮನೆ ಮುಗಿದದ್ದು 1912ರಲ್ಲಿ ಎಂದು ಹೇಳಿದೆ. ಮಗಳು ಬಾಯಲ್ಲೇ ಕಳೆದು 1334 ವರ್ಷ ಎಂದಳು. ಅರಮನೆಯನ್ನು ಹಳೆಯದು ಎಂದುಕೊಂಡಿದ್ದ ನಮ್ಮ ಅತ್ತೆ ಅಲ್ಲಿಯೇ ಕಂಬಕ್ಕೆ ಒರಗಿ ಸುಮ್ಮನೆ ಕುಳಿತುಬಿಟ್ಟರು. ಇಳಿಯುವಾಗ ಒಂದು ಕೋತಿ ಅವರ ಕೈಯಿಂದ ಬಾಳೆಹಣ್ಣಿನ ಚೀಲ ಕಿತ್ತುಕೊಂಡಿತು. ಬಾದಾಮಿಗೆ ಹೋಗುವವರು ತಿನ್ನುವ ಪದಾರ್ಥ ಕೈಯಲ್ಲಿ ಹಿಡಿಯಬೇಡಿ, ಇದೊಂದನ್ನು ಬರೆದಿಟ್ಟುಕೊಳ್ಳಿ.

ಮರುದಿನ ಬಸ್ಸಿನಲ್ಲಿ ಬನಶಂಕರಿಗೆ. ಅದೂ 5 ಕಿಲೋಮೀಟರು. ಶುಕ್ರವಾರ, ಜನವೋ ಜನ. ದರ್ಶನ ಮುಗಿಸಿ ಬಂದರೆ ಗುಡಿಯ ಎದುರು ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುತ್ತಿದ್ದರು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಹೊಂಡದ ಸುತ್ತ ಕಲ್ಲು ಮಂಟಪ ಇದೆಯಲ್ಲ, ಅದರ ನೆರಳಿನಲ್ಲಿ ಕುಳಿತು ಉಂಡೆವು. ಹೋಟೆಲಿನ ಒಂದು ಊಟದ ದುಡ್ಡಿನಲ್ಲಿ ಐದು ಜನರ ಹೊಟ್ಟೆ ತುಂಬಿತು. ಮುದ್ದೆ ತಿಂದು ಬೆಳೆದ ನಮ್ಮ ಮನೆಯವರಿಗೆ ರೊಟ್ಟಿಯ ಹುಚ್ಚು ಹಿಡಿದದ್ದು ಅವತ್ತೇ.

ಭಾನುವಾರ ಮತ್ತೆ ಅಲ್ಲಿಗೇ ಹೋದೆವು. ಶುಕ್ರವಾರ ನಮಗೆ ರೊಟ್ಟಿ ಕೊಟ್ಟಿದ್ದ ಅಜ್ಜಿ ದೂರದಿಂದಲೇ ಗುರುತು ಹಿಡಿದು, ‘ನಿನ್ನೆ ಯಾಕೆ ಬರಲಿಲ್ಲ ತಂಗಿ?’ ಎಂದು ನಮ್ಮ ಮನೆಯವರನ್ನು ಗದರಿದಳು. ಕೇಳುಗರೇ, ನಮ್ಮ ಬೀದಿಯಲ್ಲಿ ಹದಿನೈದು ವರ್ಷ ಬಾಡಿಗೆಗಿದ್ದೇವೆ, ಅಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ಅಂಚಿನಿಂದ ಬಡಿಯುತ್ತ ಹೋಗಬೇಕು ಎಂದು ಬರಿಗೈಯಲ್ಲೇ ತೋರಿಸಿಕೊಟ್ಟಳು. ಮಕ್ಕಳ ಮೊಸರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲ ಸಲ ಹೋದಾಗ ಇದು ಸಿಗುವುದಿಲ್ಲ. ಎರಡನೆಯ ಸಲ ಹೋಗಬೇಕೆಂದರೆ ಅದೇ ಊರಿನಲ್ಲಿ ಇರಬೇಕು. ನಾನು ಹೇಳುತ್ತಿರುವುದು ಇದನ್ನೇ.

ನಡುವೆ ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಪಟ್ಟದಕಲ್ಲಿಗೆ ಹೋಗಿಬಂದೆವು, 22 ಕಿಲೋಮೀಟರು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳ. ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ. ಅಲ್ಲಿಂದ ಬಂದ ಸಂಜೆ ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಬಳಿಯ ಚಹಾದಂಗಡಿಗೆ ಹೋದಾಗ, ಅದು ನಮ್ಮ ಮೂರನೆಯ ದಿನ, ಅಂಗಡಿಯ ಯಜಮಾನರು ‘ಕಪ್ಪೆ ಅರಭಟ್ಟನ ಶಾಸನ ನೋಡಿದಿರಾ?’ ಎಂದು ಕೇಳಿದರು. ನಾವು ಹೆಸರನ್ನೇ ಕೇಳಿರಲಿಲ್ಲ. ಕೆರೆಯ ಆಚೆ ಬಂಡೆಯ ಮೇಲೆ ಕೊರೆದಿದೆ, ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು. ಕನ್ನಡದಲ್ಲಿ ಸಿಕ್ಕಿರುವ ತ್ರಿಪದಿಗಳಲ್ಲಿ, ಅಂದರೆ ಮೂರು ಸಾಲಿನ ಪದ್ಯಗಳಲ್ಲಿ, ಅತ್ಯಂತ ಹಳೆಯದು ಎಂದು ಬಲ್ಲವರು ಹೇಳುವ ಸಾಲುಗಳು. ಭಾನುವಾರ ಬೆಳಿಗ್ಗೆ ಹೋಗಿ ನೋಡಿದೆವು. ಅಲ್ಲಿ ನಾವು ಐದು ಜನ ಬಿಟ್ಟರೆ ಇನ್ನೊಬ್ಬರಿಲ್ಲ. ಕೆಳಗೆ ದಾರಿಯಲ್ಲಿ ಬಂದು ನಿಂತ ಟೆಂಪೊಗಳು ಮುಕ್ಕಾಲು ಗಂಟೆಯಲ್ಲಿ ಹೊರಟು ಹೋಗುತ್ತಿದ್ದವು.

ಐಹೊಳೆ ನೋಡಲಿಲ್ಲ. ಕೂಡಲಸಂಗಮ, ವಿಜಯಪುರ, ಹಂಪಿ ಯಾವುದನ್ನೂ ನೋಡಲಿಲ್ಲ. ಭಾವಮೈದುನ ಇಂದಿಗೂ ಅಣಕಿಸುತ್ತಾನೆ. ಆದರೆ ಆ ಗಾಡಿಯವನಿಗೆ ಕೊಡಲು ಒಪ್ಪಿದ್ದ ಮೊತ್ತದಲ್ಲಿ ಅರ್ಧವೂ ಖರ್ಚಾಗಲಿಲ್ಲ, ಕೊಠಡಿ ಊಟ ಎಲ್ಲ ಸೇರಿ. ನಿಮಗೆ ರೈಲ್ವೆ ಪಾಸ್ ಇತ್ತಲ್ಲ ಎಂದು ಯಾರೋ ಈಗ ಗೊಣಗುತ್ತಿರಬಹುದು. ಇತ್ತು. ಸ್ಲೀಪರ್ ದರ್ಜೆಯ ಟಿಕೆಟ್ಟಿನ ದರ ಸೇರಿಸಿದರೂ ಆ ಗಾಡಿಗಿಂತ ಕಡಿಮೆಯೇ, ಕೂಡಿ ನೋಡಿದ್ದೇನೆ.

ಈ ಭಾಷಣವನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಓದಿದೆ. ಬಾದಾಮಿಗೇ ಮುಕ್ಕಾಲು ಪಾಲು ಸಮಯ ಹೋಯಿತು. ಏನೂ ಮಾಡುವಂತಿಲ್ಲ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ರೈಲು. ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಹಿಂದಿನ ಹಾಗೆ 120 ದಿನ ಅಲ್ಲ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಬೇರೆ ಬರ್ತ್ ಬೇಡವಾದರೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. ಇದನ್ನು ನಾನು ಕಿಂಡಿಯಲ್ಲಿ ಸಾವಿರ ಸಲ ಹೇಳಿದ್ದೇನೆ, ಇದು ಸಾವಿರದ ಒಂದನೆಯದು.

ಬಸ್ಸು. 2023ರ ಜೂನ್‌ನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಮರೆಯಬೇಡಿ. ಐಷಾರಾಮಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ನಮ್ಮಂತಹ ಗಂಡಸರು ಟಿಕೆಟ್ ತೆಗೆದುಕೊಂಡೇ ಕೂರಬೇಕು.

ಪ್ರವೇಶ ದರ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ದೊಡ್ಡವರಿಗೂ ಬಾದಾಮಿಯ ಗುಹೆಗಳಿಗೆ 25 ರೂಪಾಯಿ, ಪಟ್ಟದಕಲ್ಲಿಗೆ 40. ಪ್ರವಾಸದ ದುಡ್ಡು ನುಂಗುವುದು ನೋಡುವ ಜಾಗವಲ್ಲ, ಜಾಗದಿಂದ ಜಾಗಕ್ಕೆ ಓಡುವ ಓಟ. ಮತ್ತೆ ಹೇಳುತ್ತೇನೆ, ಒಂದೇ ಊರು.

ಯಾವ ಊರು? ಬಾದಾಮಿಗೇ ಹೋಗಿ ಎಂದು ನಾನು ಹೇಳುತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಂತೂ ಬೇಡವೇ ಬೇಡ, ಬಂಡೆ ಕಾದು ಕಾಲು ಸುಡುತ್ತದೆ. ಶಿರಸಿಯಲ್ಲಿ ಇದ್ದುಕೊಂಡು ಬನವಾಸಿ, ಸಹಸ್ರಲಿಂಗ ನೋಡಬಹುದು. ಉಡುಪಿಯಲ್ಲಿ ಇದ್ದುಕೊಂಡು ಮಲ್ಪೆಗೆ, ಕಾಪುವಿನ ದೀಪಸ್ತಂಭಕ್ಕೆ ಬಸ್ಸಿನಲ್ಲಿ ಹೋಗಿಬರಬಹುದು. ಮಗುವಿಗೆ ಸಮುದ್ರ ಒಂದೇ ಸಾಕು, ಅದಕ್ಕೆ ಪಟ್ಟಿ ಗಿಟ್ಟಿ ಬೇಕಿಲ್ಲ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೊಠಡಿ ಹಿಡಿಯಿರಿ. ಆದಷ್ಟು ವಾರದ ನಡುವೆ ಹೊರಡಿ, ಶನಿವಾರ ಭಾನುವಾರ ಕೊಠಡಿಯವರು ಹೇಳಿದ್ದೇ ಬೆಲೆ. ಭಾವಮೈದುನನಿಗೆ ಹೋಗಿಬಂದ ಮೇಲೆ ತಿಳಿಸಿ.

ಇನ್ನೊಂದು ಉಳಿಯಿತು. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಾವು ಬನಶಂಕರಿಯಿಂದ ಬಂದು ಅದರ ಬಾಗಿಲಿಗೆ ಹೋಗಿ ನಿಂತದ್ದು ಶುಕ್ರವಾರವೇ, ಬೀಗ ಹಾಕಿತ್ತು. ಶನಿವಾರ ಬೆಳಿಗ್ಗೆ ಮತ್ತೆ ಹೋದೆವು.

ನಮಸ್ಕಾರ.